ಅಟ್ಟದಲ್ಲಿ ಸಿಕ್ಕ ಪಿಂಗಾಣಿ ಚುಂಗಾಣಿ: ಬೆಳ್ಳಿಯ ಮುಚ್ಚಳ ಕಪ್ಪಾಗಿದೆ, ಬಟ್ಟಲು ಬಿರಿದಿದೆ, ದುರಸ್ತಿ ಹೇಗೆ?

ತೋಟದಮನೆ (ಸಿದ್ದಾಪುರ)

ಎಲ್ಲರಿಗೂ ನಮಸ್ಕಾರ. ಮಳೆ ಹಿಡಿಯುವ ಮುನ್ನ ಹೆಂಚು ಬದಲಿಸಲೆಂದು ನಮ್ಮ ಹಳೆಯ ಮನೆಯ ಅಟ್ಟವನ್ನು ಖಾಲಿ ಮಾಡಿಸುವಾಗ, ಒಂದು ಕಾಲದಲ್ಲಿ ಏಲಕ್ಕಿ ತುಂಬಿಡುತ್ತಿದ್ದ ಮರದ ಪೆಟ್ಟಿಗೆಯಲ್ಲಿ ಉಣ್ಣೆಯ ಶಾಲಿನಿಂದ ಸುತ್ತಿಟ್ಟಿದ್ದ ಎರಡು ಚುಂಗಾಣಿಗಳು (ಹೊಗೆಸೊಪ್ಪು ಸೇದುವ ಪೈಪುಗಳು) ಸಿಕ್ಕಿದವು. ಮೊದಲನೆಯದು ಹೆಚ್ಚುಕಡಿಮೆ ಒಂದು ತೋಳಿನಷ್ಟು ಉದ್ದವಿದೆ. ಅದರ ಪಿಂಗಾಣಿ ಬಟ್ಟಲಿನ ಮೇಲೆ ಜಿಂಕೆಯನ್ನು ಅಟ್ಟಿಸಿಕೊಂಡು ಹೋಗುವ ಬೇಟೆಗಾರನ ಚಿತ್ರವೂ ಚಿನ್ನದ ಗೆರೆಯೂ ಇವೆ. ಬಾಯಿಗೆ ತೂತುಗಳಿರುವ ಲೋಹದ ಮುಚ್ಚಳ, ಕೆಳಗೆ ಇನ್ನೊಂದು ಪಿಂಗಾಣಿಯ ತುಂಡು, ಅದರಿಂದ ಮೇಲಕ್ಕೇಳುವ ಮರದ ಕೊಳವೆ, ತುದಿಯಲ್ಲಿ ಕೊಂಬಿನ ಬಾಯಿತುಂಡು, ಬಣ್ಣಗೆಟ್ಟ ರೇಷ್ಮೆಯ ಕುಚ್ಚು. ಎರಡನೆಯದು ಚಿಕ್ಕ ಮರದ ಪೈಪು. ಅದಕ್ಕೆ ಬೆಳ್ಳಿಯ ಪಟ್ಟಿ ಮತ್ತು ಜೇನಿನ ಬಣ್ಣದ ಬಾಯಿತುಂಡು ಇದೆ.

ದೊಡ್ಡದರ ಮುಚ್ಚಳ ಬಾಣಲೆಯ ತಳದಂತೆ ಕಪ್ಪಾಗಿದೆ. ಅದರ ಕೀಲಿನ ಬಳಿ ಯಾರೋ ಬೂದು ಬಣ್ಣದ ಬೆಸುಗೆಯನ್ನು ಗುಡ್ಡೆ ಹಾಕಿದ್ದಾರೆ. ಬಟ್ಟಲಿನ ಅಂಚಿನಿಂದ ಕೂದಲೆಳೆಯಂತಹ ಬಿರುಕು ಇಳಿದಿದೆ, ಮುರಿದ ಒಂದು ಚೂರನ್ನು ಹಿಂದೆಂದೋ ಅಂಟಿಸಿದ್ದು ಆ ಅಂಟು ಈಗ ಹಳದಿಗೆ ತಿರುಗಿದೆ. ಕೊಳವೆಗೆ ಬೂಷ್ಟು ಹಿಡಿದಿದೆ.

1834ರಲ್ಲಿ ಬ್ರಿಟಿಷರು ಕೊಡಗನ್ನು ವಶಪಡಿಸಿಕೊಂಡಾಗ ಬಂದಿದ್ದ ಅಧಿಕಾರಿಯೊಬ್ಬ ನಮ್ಮ ಹಿರಿಯರಿಗೆ ಇದನ್ನು ಕೊಟ್ಟನೆಂದು ನಮ್ಮ ಮನೆಯಲ್ಲಿ ಹೇಳುತ್ತಾ ಬಂದಿದ್ದಾರೆ. ಎರಡನ್ನೂ ಫಳಫಳ ಹೊಳೆಯುವಂತೆ ಮಾಡಿ ಕೈಲ್‌ಪೊಳ್ದ್ (ಕೊಡವರು ಆಯುಧ ಪೂಜಿಸುವ) ಹಬ್ಬದ ದಿನ ಕೋವಿ, ಪೀಚೆಕತ್ತಿಗಳ (ಕೊಡವರ ಸೊಂಟದ ಕತ್ತಿಗಳ) ಪಕ್ಕದಲ್ಲಿ ಇಡಬೇಕು, ಊಟವಾದ ಮೇಲೆ ಒಂದು ದಮ್ಮು ಎಳೆಯಬೇಕು ಎಂಬುದು ನಮ್ಮ ಮಾವನವರ ಆಸೆ. ತಿಳಿದವರು ದಾರಿ ತೋರಿಸಬೇಕು.

ಹಳೆಬೆಳ್ಳಿ (ಮಡಿಕೇರಿ)

ದಯವಿಟ್ಟು ಸದ್ಯಕ್ಕೆ ಯಾವುದನ್ನೂ ಉಜ್ಜಬೇಡಿ. ಮೊದಲು ಆ ಉಣ್ಣೆಯ ಶಾಲನ್ನು ದೂರ ಇಡಿ. ಉಣ್ಣೆಯಲ್ಲಿ ಗಂಧಕವಿರುತ್ತದೆ. ಮುಚ್ಚಳದ ಮೇಲಿನ ಕಪ್ಪು ಕೊಳೆಯಲ್ಲ, ಬೆಳ್ಳಿಯೂ ಗಂಧಕವೂ ಸೇರಿ ಆದ ಬೆಳ್ಳಿಯ ಸಲ್ಫೈಡು. ಜೋಪಾನವಾಗಿರಲೆಂದು ಹಿರಿಯರು ಬೆಚ್ಚಗೆ ಸುತ್ತಿಟ್ಟ ಶಾಲೇ ಅದನ್ನು ಕಪ್ಪಾಗಿಸಿದೆ.

ದೊಡ್ಡ ಚುಂಗಾಣಿ ಜರ್ಮನಿ, ಆಸ್ಟ್ರಿಯಾ ಕಡೆಯ ಮಾದರಿಯದು. ಎಲ್ಲ ಭಾಗಗಳನ್ನೂ ಬಿಡಿಬಿಡಿಯಾಗಿ ಮಾಡಿ ಒಂದಕ್ಕೊಂದು ಸಿಕ್ಕಿಸುವುದು ಅದರ ವಿಶೇಷ. ಮರದ ಅಥವಾ ಮಣ್ಣಿನ ಚುಂಗಾಣಿಯಂತೆ ಪಿಂಗಾಣಿ ತೇವವನ್ನು ಹೀರುವುದಿಲ್ಲವಾದ್ದರಿಂದ ಹೊಗೆಯಲ್ಲಿನ ನೀರು ಮತ್ತು ಕಿಟ್ಟ ಕೆಳಗಿಳಿದು ನಿಲ್ಲಲು ಒಂದು ಜಾಗ ಬೇಕಿತ್ತು. ಬಟ್ಟಲಿನ ಕೆಳಗೆ ನೀವು ಕಂಡ ಎರಡನೆಯ ಪಿಂಗಾಣಿಯ ತುಂಡು ಅದೇ. ಹೀಗಾಗಿ ಇದನ್ನು ಶುಚಿ ಮಾಡಲು ಯಾರೂ ಏನನ್ನೂ ಮುರಿಯಬೇಕಿಲ್ಲ, ನಿಧಾನವಾಗಿ ತಿರುಗಿಸಿದರೆ ಕಳಚಿಕೊಳ್ಳಬೇಕು. ಕಿಟ್ಟದಿಂದ ಬಿಗಿದುಕೊಂಡಿದ್ದರೆ ಮಾತ್ರ ಬಲ ಹಾಕದೆ ಕಾಯಿರಿ.

ಹತ್ತು ಪಟ್ಟು ದೊಡ್ಡದಾಗಿ ತೋರಿಸುವ ಮಸೂರವೊಂದು ವಾಚು ರಿಪೇರಿಯವರಲ್ಲಿ ಸಿಗುತ್ತದೆ. ಅದನ್ನು ಹಿಡಿದು ಮುಚ್ಚಳದ ಒಳಗಿನ ಅಂಚನ್ನೂ ಚಿಕ್ಕ ಪೈಪಿನ ಪಟ್ಟಿಯನ್ನೂ ನೋಡಿ, ಕಾಣುವ ಮುದ್ರೆಗಳನ್ನು ಇಲ್ಲಿ ಬರೆಯಿರಿ.

ಕಾಫಿಕಣ (ಸೋಮವಾರಪೇಟೆ)

ಇಷ್ಟೊಂದು ಯೋಚನೆ ಏಕೆಂದು ನನಗೆ ಅರ್ಥವಾಗಲಿಲ್ಲ. ಪಾತ್ರೆಯ ತಳಕ್ಕೆ ಅಲ್ಯೂಮಿನಿಯಂ ಹಾಳೆ ಹಾಸಿ, ಬಿಸಿ ನೀರಿಗೆ ಅಡುಗೆ ಸೋಡಾ ಹಾಕಿ ಮುಳುಗಿಸಿದರೆ ಐದು ನಿಮಿಷದಲ್ಲಿ ಕಪ್ಪೆಲ್ಲ ಹೋಗುತ್ತದೆ. ನಮ್ಮ ಮನೆಯ ದೀಪಗಳನ್ನು ಹೀಗೆಯೇ ತೊಳೆಯುತ್ತೇವೆ. ಅದು ಬೇಡವೆಂದರೆ ಹುಣಸೆಹಣ್ಣು ಇದ್ದೇ ಇದೆ.

ರಸಾಯನಪಾಠ (ಗೋಣಿಕೊಪ್ಪ)

ಮೂವತ್ತು ವರ್ಷ ಕಾಲೇಜಿನಲ್ಲಿ ಇದೇ ಪ್ರಯೋಗವನ್ನು ಮಾಡಿ ತೋರಿಸಿದವನು ನಾನು. ಕಾಫಿಕಣದವರ ವಿಧಾನದಲ್ಲಿ ರಸಾಯನಶಾಸ್ತ್ರದ ತಪ್ಪೇನೂ ಇಲ್ಲ. ಅಲ್ಯೂಮಿನಿಯಂ ಗಂಧಕವನ್ನು ತನ್ನತ್ತ ಸೆಳೆದುಕೊಳ್ಳುತ್ತದೆ, ಬೆಳ್ಳಿ ಮರಳಿ ಬೆಳ್ಳಿಯಾಗುತ್ತದೆ, ಕೊಳೆತ ಮೊಟ್ಟೆಯ ವಾಸನೆಯೂ ಬರುತ್ತದೆ. ಆದರೆ ಹಾಗೆ ಮರಳಿದ ಬೆಳ್ಳಿ ಮೊದಲಿನ ನಯವಾದ ಪದರವಾಗಿ ಕೂರುವುದಿಲ್ಲ. ಸೂಕ್ಷ್ಮ ರಂಧ್ರಗಳಿರುವ ಮಂಕಾದ ಪದರವಾಗಿ ಕೂರುತ್ತದೆ, ಮುಂದಿನ ಮಳೆಗಾಲದಲ್ಲಿ ಮೊದಲಿಗಿಂತ ಬೇಗ ಕಪ್ಪಾಗುತ್ತದೆ. ಕೆತ್ತನೆಯ ಗೆರೆಗಳಲ್ಲಿ ಉದ್ದೇಶಪೂರ್ವಕವಾಗಿ ಉಳಿಸಿದ ಕಪ್ಪೂ ತೊಳೆದುಹೋಗಿ, ಹಳೆಯ ಕೆಲಸವು ಅಚ್ಚಿನಲ್ಲಿ ಒತ್ತಿದ ಹೊಸ ತಗಡಿನಂತೆ ಕಾಣುತ್ತದೆ. ಬಿಡಿ ದೀಪಕ್ಕೆ ಇದು ಹೇಗೋ ನಡೆಯುತ್ತದೆ. ಪಿಂಗಾಣಿಯ ಬಾಯಿಗೆ ಕೂರಿಸಿದ ಬೆಳ್ಳಿಯ ಬಳೆಯನ್ನು ಸೋಡಾ ನೀರಿನಲ್ಲಿ ಮುಳುಗಿಸಿದರೆ ಆ ದ್ರಾವಣವು ಬಳೆಯ ಹಿಂದಿನ ಸಂದಿಗೂ ಬಿರುಕಿನೊಳಕ್ಕೂ ಸೇರುತ್ತದೆ, ಅಲ್ಲಿಂದ ಅದನ್ನು ಹೊರತೆಗೆಯುವುದು ಹೇಗೆ? ಅಂಗಡಿಯಲ್ಲಿ ಸಿಗುವ, ಅದ್ದಿ ತೆಗೆದರೆ ಹೊಳೆಯುವ ದ್ರಾವಣಗಳಿಗೂ ಇದೇ ಮಾತು. ಅವುಗಳಲ್ಲಿ ಸಾಮಾನ್ಯವಾಗಿ ಆಮ್ಲ ಮತ್ತು ಥಯೋಯೂರಿಯಾ ಇರುತ್ತವೆ.

ಹುಣಸೆಹಣ್ಣು ಮತ್ತು ನಿಂಬೆಯನ್ನು ಪಿಂಗಾಣಿಯ ಹತ್ತಿರವೂ ತರಬೇಡಿ. ಬೇಟೆಗಾರನ ಚಿತ್ರ ಮೆರುಗಿನ (ಪಿಂಗಾಣಿಯ ಗಾಜಿನಂತಹ ಲೇಪದ) ಮೇಲೆ ಬರೆದದ್ದಾಗಿದ್ದರೆ ಆ ಬಣ್ಣಗಳನ್ನು ಆಮ್ಲ ನಿಧಾನವಾಗಿ ತಿನ್ನುತ್ತದೆ.

ನಾನು ಒಪ್ಪುವ ವಿಧಾನ ಬಹಳ ಸರಳವಾಗಿದೆ. ಕ್ಯಾಲ್ಸಿಯಂ ಕಾರ್ಬೊನೇಟಿನ ಅತಿ ನುಣುಪಾದ ಪುಡಿಯನ್ನು ಕೆಲವು ಹನಿ ಭಟ್ಟಿ ನೀರಿನಲ್ಲಿ (ಡಿಸ್ಟಿಲ್ಡ್ ವಾಟರ್) ಕಲಸಿ, ಹತ್ತಿಯ ಉಂಡೆಯಿಂದ ಒಂದು ಉಗುರಿನಷ್ಟು ಜಾಗವನ್ನು ಮಾತ್ರ ಮೆಲ್ಲಗೆ ಒರೆಸಿ, ಹತ್ತಿ ಕಪ್ಪಾದ ಕೂಡಲೇ ಬದಲಿಸಿ. ಕಪ್ಪು ಹಲಗೆಗೆ ಬರೆಯುವ ಸೀಮೆಸುಣ್ಣವನ್ನು ಪುಡಿ ಮಾಡಿ ಬಳಸಬೇಡಿ, ಅದು ಹಲವು ಸಲ ಜಿಪ್ಸಮ್ಮಿನಿಂದ ಮಾಡಿದ್ದಾಗಿರುತ್ತದೆ, ಹರಳೂ ಇರಬಹುದು. ವಿಭೂತಿಯಿಂದ ಉಜ್ಜುವ ರೂಢಿ ನಮ್ಮ ಮನೆಗಳಲ್ಲಿದೆ. ಆದರೆ ಒಂದೊಂದು ಅಂಗಡಿಯ ವಿಭೂತಿಯ ನುಣುಪು ಒಂದೊಂದು ಬಗೆಯಾದ್ದರಿಂದ ಮುದ್ರೆಯಿರುವ ಬೆಳ್ಳಿಗೆ ನಾನು ಅದನ್ನು ಮುಟ್ಟಿಸುವುದಿಲ್ಲ. ಹಲ್ಲುಪುಡಿ, ಹಲ್ಲಿನ ಪೇಸ್ಟು ಎರಡೂ ಬೇಡ. ಪ್ರತಿ ಸಲ ಹೊಳಪು ಕೊಟ್ಟಾಗಲೂ ಒಂದಿಷ್ಟು ಬೆಳ್ಳಿ ಹತ್ತಿಯ ಜೊತೆಗೆ ಹೋಗುತ್ತದೆ, ಮೊದಲು ಸವೆಯುವುದು ಮುದ್ರೆಯೇ.

ತೋಟದಮನೆ (ಸಿದ್ದಾಪುರ)

ರಸಾಯನಪಾಠದ ಸರ್‌ಗೆ ವಂದನೆಗಳು. ಮಸೂರದಲ್ಲಿ ನೋಡಿದೆ. ದೊಡ್ಡದರ ಮುಚ್ಚಳದ ಒಳಗೆ ಒಂದು ಅರ್ಧಚಂದ್ರ, ಒಂದು ಕಿರೀಟ, ಪಕ್ಕದಲ್ಲಿ 800 ಎಂಬ ಅಂಕೆ ಇವೆ. ಚಿಕ್ಕ ಪೈಪಿನ ಪಟ್ಟಿಯಲ್ಲಿ ಲಂಗರು, ನಡೆಯುತ್ತಿರುವ ಸಿಂಹ, ಒಂದು ಅಕ್ಷರ ಮತ್ತು ಸವೆದ ಎರಡು ಇನಿಷಿಯಲ್‌ಗಳು ಕಾಣುತ್ತವೆ.

ಹಳೆಬೆಳ್ಳಿ (ಮಡಿಕೇರಿ)

ಹಾಗಾದರೆ ಮಾವನವರಿಗೆ ಸ್ವಲ್ಪ ನಿರಾಸೆಯಾಗಬಹುದು. ಅರ್ಧಚಂದ್ರ ಮತ್ತು ಕಿರೀಟ ಜರ್ಮನ್ ಸಾಮ್ರಾಜ್ಯದ ಬೆಳ್ಳಿಯ ಮುದ್ರೆ. ಅದಕ್ಕೆ ಕಾನೂನಾದದ್ದು 1884ರಲ್ಲಿ, ಅದು ಜಾರಿಗೆ ಬಂದದ್ದು 1888ರಲ್ಲಿ. 800 ಎಂದರೆ ಸಾವಿರ ಭಾಗದಲ್ಲಿ ಎಂಟುನೂರು ಭಾಗ ಬೆಳ್ಳಿ, ಉಳಿದದ್ದು ಹೆಚ್ಚಾಗಿ ತಾಮ್ರ. ಆದ್ದರಿಂದ ಈ ಮುಚ್ಚಳ 1834ರಲ್ಲಿ ಯಾರ ಕೈಯಲ್ಲೂ ಇರಲು ಸಾಧ್ಯವಿಲ್ಲ. ಬಟ್ಟಲು ಹಳೆಯದಿದ್ದು ಮುಚ್ಚಳವನ್ನು ಆಮೇಲೆ ಕೂರಿಸಿರುವ ಸಾಧ್ಯತೆಯನ್ನು ಮಾತ್ರ ತಳ್ಳಿಹಾಕಲಾರೆ. ಚಿತ್ರವನ್ನು ಮಸೂರದಲ್ಲಿ ನೋಡಿ: ಕುಂಚದ ಎಳೆಗಳು ಕಂಡರೆ ಕೈಬರಹ, ಒಂದೇ ಅಳತೆಯ ಚುಕ್ಕೆಗಳ ಸಾಲು ಕಂಡರೆ ಅಚ್ಚಿನಿಂದ ಇಳಿಸಿದ ಚಿತ್ರ.

ಲಂಗರು ಬರ್ಮಿಂಗ್‌ಹ್ಯಾಮಿನ ಬೆಳ್ಳಿ ಪರೀಕ್ಷಾಲಯದ ಗುರುತು. ಅದು 1773ರಿಂದ ಇದೆ. ಸಿಂಹ ಎಂದರೆ ಸ್ಟರ್ಲಿಂಗ್, ಅಂದರೆ 925. ನೀವು ರಾಣಿಯ ತಲೆಯ ಮುದ್ರೆಯನ್ನು ಹೇಳಿಲ್ಲ. ಸುಂಕ ಕಟ್ಟಿದ್ದಕ್ಕೆ ಒತ್ತುತ್ತಿದ್ದ ಆ ಮುದ್ರೆ 1890ರಲ್ಲಿ ನಿಂತುಹೋಯಿತು, ಆದ್ದರಿಂದ ಇದು ಬಹುಶಃ ಅದರ ನಂತರದ್ದು. ಅಕ್ಷರದ ಆಕಾರವನ್ನೂ ಅದರ ಸುತ್ತಲಿನ ಚೌಕಟ್ಟನ್ನೂ ಆ ಪರೀಕ್ಷಾಲಯ ವರ್ಷಕ್ಕೊಂದರಂತೆ ಒತ್ತಿದ ಅಕ್ಷರಗಳ ಪಟ್ಟಿಯೊಡನೆ ಹೋಲಿಸಿದರೆ ವರ್ಷವೇ ಸಿಗುತ್ತದೆ. ಅಕ್ಷರವೊಂದನ್ನೇ ನಂಬಬೇಡಿ, ಅದೇ ಅಕ್ಷರ ಪ್ರತಿ ಸುತ್ತಿನಲ್ಲೂ ಮರಳಿ ಬರುತ್ತದೆ.

ನಾಲ್ಕುನಾಡು (ಕಕ್ಕಬ್ಬೆ)

ಜರ್ಮನಿಯದೆಂದರೆ ಬಾಸೆಲ್ ಮಿಶನ್ನಿನ ಪಾದ್ರಿಗಳದಾಗಿರಬಹುದಲ್ಲವೇ? ಆ ಮಿಶನ್ನಿನ ಜರ್ಮನ್ ಪಾದ್ರಿ ಹರ್ಮನ್ ಮೊಗ್ಲಿಂಗ್ ಕೊಡಗಿಗೆ ಬಂದದ್ದು 1853ರಲ್ಲಿ. ಮಡಿಕೇರಿಯಲ್ಲಿ ಶಾಲೆ ನಡೆಸಿ 1870ರಲ್ಲಿ ಕೊಡಗಿನ ಕೈಪಿಡಿಯನ್ನು ಬರೆದ ರಿಕ್ಟರ್ ಕೂಡ ಜರ್ಮನ್ ಮೂಲದವರೇ.

ಹಳೆಬೆಳ್ಳಿ (ಮಡಿಕೇರಿ)

ಇಬ್ಬರ ವರ್ಷಗಳೂ ಮುಚ್ಚಳಕ್ಕೆ ಹೊಂದುವುದಿಲ್ಲ. ಕೊಡಗಿನಲ್ಲಿ ಸಿಕ್ಕ ಪ್ರತಿ ಜರ್ಮನ್ ವಸ್ತುವನ್ನೂ ಮಿಶನ್ನಿಗೆ, ಪ್ರತಿ ಇಂಗ್ಲಿಷ್ ವಸ್ತುವನ್ನೂ 1834ಕ್ಕೆ ಕಟ್ಟಿಹಾಕುವ ಅಭ್ಯಾಸವನ್ನು ನಾವು ಬಿಡಬೇಕು. ತೋಟದ ಸಾಹೇಬರು ಊರಿಗೆ ಮರಳುವಾಗ ಮನೆಯ ಸಾಮಾನನ್ನೆಲ್ಲ ಹರಾಜು ಹಾಕಿ ಹೋಗುತ್ತಿದ್ದರು. ಅಂತಹ ಹರಾಜಿನ ಚೀಟಿಯೋ ಪತ್ರವೋ ಪೆಟ್ಟಿಗೆಯ ತಳದಲ್ಲಿ ಇದೆಯೇ ನೋಡಿ. ಮನೆಯ ಮಾತನ್ನೂ ಒಂದು ಕಾಗದದಲ್ಲಿ ಹಾಗೆಯೇ ಬರೆದಿಡಿ. ಅದು ಚುಂಗಾಣಿಯ ವಯಸ್ಸಿಗೆ ಸಾಕ್ಷಿಯಲ್ಲದಿದ್ದರೂ ನಿಮ್ಮ ಮನೆಯವರ ನೆನಪಿಗೆ ಸಾಕ್ಷಿ.

ಕುಲುಮೆ (ವಿರಾಜಪೇಟೆ)

ನಾನು ಬೆಳ್ಳಿಯ ಕೆಲಸದವನು. ಪೀಚೆಕತ್ತಿಯ ಒರೆ, ಸರಪಳಿಗಳ ದುರಸ್ತಿ ನನ್ನ ಹೊಟ್ಟೆಪಾಡು. ಕೀಲಿನ ಬಳಿಯ ಆ ಬೂದು ಗುಡ್ಡೆಯ ಬಗ್ಗೆ ಒಂದು ಮಾತು ಹೇಳಲೇಬೇಕಾಗಿದೆ.

ಅದು ಸೀಸ ಮತ್ತು ತವರದ ಬೆಸುಗೆ, ರೇಡಿಯೋ ರಿಪೇರಿಗೆ ಬಳಸುವಂಥದ್ದು. ಅದನ್ನು ಹಾಗೆಯೇ ಬಿಟ್ಟು ಬೆಳ್ಳಿಯ ಬೆಸುಗೆಗಾಗಿ ಊದುದೀಪ ಹಿಡಿದರೆ, ಆ ಶಾಖಕ್ಕೆ ಸೀಸವು ಬೆಳ್ಳಿಯೊಳಕ್ಕೆ ಇಳಿದು ಅದನ್ನು ತಿಂದುಹಾಕುತ್ತದೆ. ಕಣ್ಣೆದುರೇ ಗುಳಿ ಬೀಳುತ್ತದೆ. ಕಲಿಯುವ ಕಾಲದಲ್ಲಿ ಒಬ್ಬರ ಮನೆಯ ಪನ್ನೀರುದಾನಿಯನ್ನು ನಾನೇ ಹೀಗೆ ಕೆಡಿಸಿದ್ದೇನೆ, ಅದರ ಬೆಲೆಯನ್ನು ನಮ್ಮ ತಂದೆ ಕಂತಿನಲ್ಲಿ ತೀರಿಸಿದರು. ಮೊದಲು ಮೃದುವಾದ ಶಾಖದಲ್ಲಿ ಸೀಸವನ್ನು ಕರಗಿಸಿ ಒರೆಸಿ, ಉಳಿದದ್ದನ್ನು ಸಣ್ಣ ಉಳಿಯಿಂದ ಕೆರೆದು, ಒಂದು ಕಣವೂ ಇಲ್ಲವೆಂದು ಖಾತ್ರಿಯಾದ ಮೇಲಷ್ಟೇ ಬಿಳಿಗಾರ ಹಚ್ಚಿ ಬೆಳ್ಳಿಯ ಬೆಸುಗೆಗೆ ಕೈ ಹಾಕಬೇಕು.

ಎರಡನೆಯ ಮಾತು: ಪಿಂಗಾಣಿಗೆ ತಗುಲಿಕೊಂಡಿರುವ ಬೆಳ್ಳಿಗೆ ಬೆಂಕಿ ತೋರಿಸಲೇಬಾರದು. ಬೆಳ್ಳಿ ಶಾಖವನ್ನು ಕ್ಷಣದಲ್ಲಿ ಎಲ್ಲ ಕಡೆಗೂ ಹರಡುತ್ತದೆ, ಪಿಂಗಾಣಿ ಹರಡುವುದಿಲ್ಲ. ಒಂದು ಬದಿ ಹಿಗ್ಗಿ ಇನ್ನೊಂದು ಬದಿ ಹಿಗ್ಗದೆ ಬಿರಿಯುತ್ತದೆ. ನಿಮ್ಮ ಬಟ್ಟಲಿನ ಬಿರುಕು ಕೀಲಿನ ಕೆಳಗಿನಿಂದಲೇ ಹೊರಟಿದ್ದರೆ ಆ ಹಳೆಯ ಬೆಸುಗೆಯವನೇ ಅದಕ್ಕೆ ಕಾರಣವೆಂದು ನನ್ನ ಅನುಮಾನ. ಕೀಲಿನ ಕಡ್ಡಿಯನ್ನು ಹೊರತಳ್ಳಿದರೆ ಮುಚ್ಚಳ ಮಾತ್ರ ಬೇರೆಯಾಗಿ ಬರುತ್ತದೆ, ಬಳೆ ಬಟ್ಟಲಿನಲ್ಲಿಯೇ ಉಳಿಯಲಿ.

ಮುಚ್ಚಳ ಬಿಡಿಯಾಗಿ ಬಂದ ಮೇಲೆ ಆಸಿಡ್ ಪರೀಕ್ಷೆಗೆ ಯಾರಿಗೂ ಕೊಡಬೇಡಿ, ಕಲೆ ಉಳಿಯುತ್ತದೆ. ಮುದ್ರೆ ಇಲ್ಲದ ಇಂತಹ ಮುಚ್ಚಳಗಳು ಎಷ್ಟೋ ಸಲ ಜರ್ಮನ್ ಸಿಲ್ವರಿನವು, ಅಂದರೆ ತಾಮ್ರ, ನಿಕ್ಕಲ್ಲು, ಸತುವಿನ ಮಿಶ್ರಲೋಹ. ಅದರಲ್ಲಿ ಬೆಳ್ಳಿಯ ಹೆಸರು ಮಾತ್ರ ಇದೆ. ತೂಕದಲ್ಲಿಯೇ ತಿಳಿಯಬಹುದು. ಗಾಳಿಯಲ್ಲಿ 31.2 ಗ್ರಾಂ ತೂಗುವ ಮುಚ್ಚಳವನ್ನು ದಾರದಿಂದ ನೀರಿನಲ್ಲಿ ತೂಗುಬಿಟ್ಟಾಗ ಸ್ಟರ್ಲಿಂಗ್ ಆಗಿದ್ದರೆ ಸುಮಾರು 3 ಗ್ರಾಂ ಕಡಿಮೆ ತೋರಿಸುತ್ತದೆ, ಜರ್ಮನ್ ಸಿಲ್ವರ್ ಆಗಿದ್ದರೆ ಸುಮಾರು 3.6 ಗ್ರಾಂ. ಒಳಗೆ ಗಾಳಿಗುಳ್ಳೆ ಸಿಕ್ಕಿಕೊಂಡರೆ ಲೆಕ್ಕ ತಪ್ಪುತ್ತದೆ.

ಮಣ್ಣುಕೆಲಸ (ಕುಶಾಲನಗರ)

ಪಿಂಗಾಣಿಯ ಬಗ್ಗೆ ನಾನು ಹೇಳುತ್ತೇನೆ, ಸ್ವಲ್ಪ ಉದ್ದವಾದರೆ ಕ್ಷಮಿಸಿ.

ಯೂರೋಪಿನಲ್ಲಿ ಗಟ್ಟಿ ಪಿಂಗಾಣಿಯ ತಯಾರಿಕೆ ಶುರುವಾದದ್ದು 1710ರಲ್ಲಿ, ಜರ್ಮನಿಯ ಮೈಸನ್‌ನಲ್ಲಿ. ಕೆಯೊಲಿನ್ ಮಣ್ಣು, ಫೆಲ್ಡ್‌ಸ್ಪಾರ್, ಬೆಣಚುಕಲ್ಲಿನ ಪುಡಿ ಸೇರಿಸಿ ಸುಮಾರು 1400 ಡಿಗ್ರಿ ಸೆಲ್ಸಿಯಸ್‌ನಲ್ಲಿ ಸುಟ್ಟದ್ದರಿಂದ ಅದರ ಮೈ ಗಾಜಿನಂತೆ ಗಟ್ಟಿ. ಆದರೆ ನಿಮ್ಮ ಬೇಟೆಗಾರನೂ ಚಿನ್ನದ ಗೆರೆಯೂ ಆ ಬೆಂಕಿಯನ್ನು ಕಂಡಿಲ್ಲ. ಮೆರುಗು ಕೊಟ್ಟು ಸುಟ್ಟ ಮೇಲೆ ಬಣ್ಣ ಬರೆದು, 800 ಡಿಗ್ರಿಯ ಆಸುಪಾಸಿನಲ್ಲಿ ಮತ್ತೊಮ್ಮೆ ಸುಡುವುದು ವಾಡಿಕೆ. ಬಟ್ಟಲನ್ನು ಬೆಳಕಿಗೆ ಓರೆಯಾಗಿ ಹಿಡಿದಾಗ ಬಣ್ಣ ಮೇಲೆ ಕೂತಂತೆ ಕಂಡರೆ ಅದನ್ನು ಉಗುರಿನಿಂದಲೂ ಕೆರೆಯಬೇಡಿ. ಚಿನ್ನವಂತೂ ಬರಿಯ ಬಟ್ಟೆಯ ಉಜ್ಜುವಿಕೆಗೇ ಹೋಗುತ್ತದೆ.

ಒಳಗಿನ ಕಿಟ್ಟಕ್ಕೆ ಐಸೊಪ್ರೊಪೈಲ್ ಆಲ್ಕೊಹಾಲ್ ಸಾಕು. ಬಿದಿರಿನ ಸೀಳಿಗೆ ಹತ್ತಿ ಸುತ್ತಿ, ಅದ್ದಿ, ಹಿಂಡಿ, ಒರೆಸಿ. ಹತ್ತಿ ಬಿಳಿಯಾಗಿ ಬರುವ ತನಕ ಒಂದು ವಾರವಾದರೂ ಹಿಡಿಯಬಹುದು. ಇದನ್ನು ಪಿಂಗಾಣಿಯ ಭಾಗಗಳಿಗೆ ಮಾತ್ರ ಬಳಸಿ. ಮರದ ಕೊಳವೆಗೆ ಅರಗಿನ ಮೆರುಗಿದ್ದರೆ ಆಲ್ಕೊಹಾಲು ಅದನ್ನು ಕರಗಿಸಿಬಿಡುತ್ತದೆ. ಚಿಕ್ಕ ಪೈಪಿನ ಜೇನು ಬಣ್ಣದ ಬಾಯಿತುಂಡು ನಿಜವಾದ ಅಂಬರ್ (ಕಲ್ಲಾದ ಮರದ ರಾಳ) ಆಗಿದ್ದರೆ ಅದರ ಮೈಯೂ ಕೆಡುತ್ತದೆ.

ಬಿರುಕಿನ ಕಂದು ಕಲೆಗೆ ಔಷಧಿ ಅಂಗಡಿಯ 10 ವಾಲ್ಯೂಮಿನ ಹೈಡ್ರೊಜನ್ ಪೆರಾಕ್ಸೈಡ್, ಅಂದರೆ ಸುಮಾರು ಶೇ. 3ರದು, ಹತ್ತಿಯಲ್ಲಿ ಅದ್ದಿ ಬಿರುಕಿನ ಮೇಲಿಡುವ ವಿಧಾನವಿದೆ. ಅದಕ್ಕೆ ಮುನ್ನ ಆ ಜಾಗವನ್ನು ಭಟ್ಟಿ ನೀರಿನಿಂದ ನೆನೆಸದಿದ್ದರೆ ಕಲೆ ಇನ್ನೂ ಒಳಕ್ಕೆ ಎಳೆದುಕೊಳ್ಳುತ್ತದೆ. ನಿಮ್ಮದರಲ್ಲಿ ಬಿರುಕು ಬೆಳ್ಳಿಯ ಬಳೆಯ ಕೆಳಗೇ ಇರುವುದರಿಂದ ನಾನಾದರೆ ಆ ಕಲೆಯನ್ನು ಬಿಟ್ಟುಬಿಡುತ್ತೇನೆ. ಬಟ್ಟೆ ಬಿಳುಪು ಮಾಡುವ ಬ್ಲೀಚ್ ಎಂದಿಗೂ ಬೇಡ.

ಹಳದಿಯಾದದ್ದು ಎರಡು ಟ್ಯೂಬುಗಳ ಎಪಾಕ್ಸಿ ಅಂಟು. ಅಸಿಟೋನ್ ಅದನ್ನು ಕರಗಿಸುವುದಿಲ್ಲ, ಉಬ್ಬಿಸುತ್ತದೆ. ಅಸಿಟೋನಿನಲ್ಲಿ ನೆನೆದ ಹತ್ತಿಯನ್ನು ಕೂಡುಗೆರೆಯ ಮೇಲೆ ಮಾತ್ರ ಇಟ್ಟು, ಮೇಲೆ ಪ್ಲಾಸ್ಟಿಕ್ ಹಾಳೆ ಸುತ್ತಿ ಕೆಲವು ಗಂಟೆ ಬಿಟ್ಟರೆ ಚೂರು ಅಲುಗಾಡಬಹುದು. ಕಿಟಕಿ ತೆರೆದಿರಲಿ, ಒಲೆ ಆರಿರಲಿ. ಮತ್ತೆ ಅಂಟಿಸಲು ವಸ್ತುಸಂಗ್ರಹಾಲಯದವರು ಬಳಸುವ ಪ್ಯಾರಲಾಯ್ಡ್ ಬಿ-72 ಎಂಬ ಅಕ್ರಿಲಿಕ್ ರಾಳ ಉತ್ತಮ. ನಾಳೆ ಯಾರಿಗಾದರೂ ತಪ್ಪೆನಿಸಿದರೆ ಅಸಿಟೋನಿನಲ್ಲಿ ಪೂರ್ತಿ ಕರಗಿಸಿ ತೆಗೆಯಬಹುದು. ಕ್ಷಣದಲ್ಲಿ ಹಿಡಿಯುವ ಅಂಟಿನಲ್ಲಿ ಚೂರನ್ನು ಸರಿಯಾಗಿ ಕೂರಿಸಲು ಸಮಯವೇ ಸಿಗುವುದಿಲ್ಲ.

ಮಾವನವರ ದಮ್ಮಿನ ಆಸೆಗೆ ಉತ್ತರವೂ ಇಲ್ಲಿಯೇ ಇದೆ. ಆ ರಾಳ 40 ಡಿಗ್ರಿಯ ಸುಮಾರಿಗೇ ಮೆತ್ತಗಾಗುತ್ತದೆ. ಹೊಗೆಸೊಪ್ಪು ಉರಿಯುವ ಬಟ್ಟಲು ಅದಕ್ಕಿಂತ ಎಷ್ಟೋ ಪಟ್ಟು ಬಿಸಿಯಾಗುತ್ತದೆ. ಎಪಾಕ್ಸಿಯೂ ಆ ಬಿಸಿಗೆ ನಿಲ್ಲದು, ಅದರ ಹೊಗೆ ಶ್ವಾಸಕೋಶಕ್ಕೆ ಹೋಗುವುದು ಬೇರೆ. ಅಂಟಿಸಿದ ಪಿಂಗಾಣಿಯ ಚುಂಗಾಣಿಯಲ್ಲಿ ಯಾರೂ ಹೊಗೆ ಸೇದಬಾರದು. ಮತ್ತೆ ಗೂಡಿನಲ್ಲಿ ಸುಟ್ಟು ಬಿರುಕನ್ನು ಬೆಸೆಯಬಹುದೇ ಎಂದು ಕೆಲವರು ಕೇಳುವುದುಂಟು. ಒಳಗಿಳಿದ ಕಿಟ್ಟ ಕರಿಕಟ್ಟಿ, ಮೆರುಗು ಗುಳ್ಳೆಯೆದ್ದು, ಚಿತ್ರವೇ ಹೋಗುತ್ತದೆ.

ಜೇನುಗೂಡು (ಭಾಗಮಂಡಲ)

ಕೊಳವೆ ಮತ್ತು ಕೊಂಬಿನ ಬಗ್ಗೆ ಯಾರೂ ಬರೆಯಲಿಲ್ಲವಾದ್ದರಿಂದ ಬರೆಯುತ್ತಿದ್ದೇನೆ. ಇಂತಹ ಚುಂಗಾಣಿಗಳಿಗೆ ಚೆರ್ರಿ ಮರದ ಕೊಳವೆ ಹಾಕುವುದು ಸಾಮಾನ್ಯವಾಗಿತ್ತು, ತೊಗಟೆಯನ್ನೂ ಹಾಗೆಯೇ ಉಳಿಸುತ್ತಿದ್ದರು. ಆದ್ದರಿಂದ ಒರಟಾಗಿದೆ ಎಂದು ಉಪ್ಪುಕಾಗದ ಹಿಡಿದು ತೊಗಟೆಯನ್ನು ತೆಗೆಯದಿರಿ. ಬೂಷ್ಟನ್ನು ಮನೆಯ ಹೊರಗೆ, ಮೂಗಿಗೆ ಬಟ್ಟೆ ಕಟ್ಟಿಕೊಂಡು, ಮೆತ್ತನೆಯ ಕುಂಚದಿಂದ ಕೊಡವಿ. ಬಿಸಿಲಿಗೆ ಇಡಬೇಡಿ, ನೆರಳಿನ ಗಾಳಿ ಸಾಕು. ಕೊಂಬನ್ನು ನೀರಿನಲ್ಲಿ ನೆನೆಸಿದರೆ ಪದರಪದರವಾಗಿ ಬಿಡುತ್ತದೆ. ಅದರಲ್ಲಿ ಸಣ್ಣ ಕೊರಕಲುಗಳು ಕಂಡರೆ ಹುಳು ತಿಂದಿದೆ ಎಂದು ತಿಳಿದು ಬೇರೆ ವಸ್ತುಗಳಿಂದ ಪ್ರತ್ಯೇಕಿಸಿ.

ಸಿಕ್ಕಿಸುವ ಕಡೆ ಬಿರಡೆಯ (ಕಾರ್ಕಿನ) ಪಟ್ಟಿ ಪುಡಿಯಾಗಿದ್ದರೆ ಹತ್ತಿಯ ದಾರವನ್ನು ಜೇನುಮೇಣದಲ್ಲಿ ಎಳೆದು ಸುತ್ತಿ. ಬಿಗಿಯೂ ಆಗುತ್ತದೆ, ಬೇಡವಾದಾಗ ಬಿಚ್ಚಲೂ ಬರುತ್ತದೆ.

ನಮ್ಮಲ್ಲಿ ಮಳೆಗಾಲದ ಗಾಳಿಯ ತೇವ ಶೇ. 90 ದಾಟುವುದು ಹೊಸದಲ್ಲ. ಹಾಗೆಂದು ಎಲ್ಲವನ್ನೂ ಸಿಲಿಕಾ ಜೆಲ್ ಜೊತೆ ಡಬ್ಬಿಯಲ್ಲಿ ಮುಚ್ಚಿಟ್ಟರೆ ಬೆಳ್ಳಿಗೆ ಹಿತ, ಆದರೆ ಕೊಂಬು ಮತ್ತು ಮರ ಒಣಗಿ ಸೀಳುತ್ತವೆ. ಬೆಳ್ಳಿಯನ್ನು ಬೇರೆ ಡಬ್ಬಿಯಲ್ಲಿ, ಉಳಿದದ್ದನ್ನು ತೊಳೆದ ಹತ್ತಿಬಟ್ಟೆಯಲ್ಲಿ ಇಡಿ. ರಬ್ಬರ್ ಬ್ಯಾಂಡು ಮತ್ತು ಪತ್ರಿಕೆಯ ಕಾಗದ ಎರಡೂ ಬೇಡ. ಒಲೆಯ ಮೇಲಿನ ಅಟ್ಟ ಬೆಚ್ಚಗಿರುತ್ತದೆಂದು ಅಲ್ಲಿಡುವುದೂ ಬೇಡ.

ನಾಲ್ಕುನಾಡು (ಕಕ್ಕಬ್ಬೆ)

ಮಾರುವ ಯೋಚನೆಯಿದ್ದರೆ ಒಂದು ಎಚ್ಚರಿಕೆ. 1972ರ ಪ್ರಾಚ್ಯವಸ್ತು ಕಾಯ್ದೆಯ ಪ್ರಕಾರ ನೂರು ವರ್ಷ ದಾಟಿದ ಇಂತಹ ಕಲಾವಸ್ತುಗಳನ್ನು ಖಾಸಗಿಯವರು ದೇಶದಿಂದ ಹೊರಕ್ಕೆ ಕಳಿಸುವಂತಿಲ್ಲ. ಬಾಯಿತುಂಡು ಕೊಂಬಿನದೋ ದಂತದ್ದೋ ಎಂಬುದನ್ನೂ ಮೊದಲು ಖಚಿತಪಡಿಸಿಕೊಳ್ಳಿ, ದಂತವಾದರೆ ವನ್ಯಜೀವಿ ಕಾಯ್ದೆ ಬರುತ್ತದೆ.

ತೋಟದಮನೆ (ಸಿದ್ದಾಪುರ)

ಏಳು ವಾರಗಳ ನಂತರ ವರದಿ ಒಪ್ಪಿಸುತ್ತಿದ್ದೇನೆ. ಮಾರುವ ಯೋಚನೆ ಇಲ್ಲ, ಬಾಯಿತುಂಡು ಕೊಂಬಿನದೇ.

ಬಟ್ಟಲು ಮತ್ತು ಕೆಳಗಿನ ತುಂಡು ಒಂದಕ್ಕೊಂದು ಕಿಟ್ಟದಿಂದ ಬಿಗಿದುಕೊಂಡಿದ್ದವು. ಸಂದಿಗೆ ದಿನಕ್ಕೆರಡು ಸಲ ಆಲ್ಕೊಹಾಲಿನ ಹನಿ ಬಿಡುತ್ತಾ ಬಂದು ಆರನೆಯ ದಿನ ತಿರುಗಿಸಿದಾಗ ತಾನಾಗಿ ಬಿಟ್ಟುಕೊಂಡಿತು. ಒಳಗಿನಿಂದ ಬಂದ ವಾಸನೆಗೆ ಮನೆಯವರು ನನ್ನನ್ನು ಎರಡು ದಿನ ಜಗಲಿಯಿಂದ ಒಳಗೆ ಸೇರಿಸಲಿಲ್ಲ. ಮಸೂರದಲ್ಲಿ ಬೇಟೆಗಾರನ ಕೋಟು, ಮುಖದ ಮೇಲೆ ಕುಂಚದ ಎಳೆಗಳು ಕಾಣುತ್ತವೆ, ಹಿಂದಿನ ಮರಗಳು ಮಾತ್ರ ಚುಕ್ಕೆಗಳಿಂದ ಆಗಿವೆ. ಅಂದರೆ ಅಚ್ಚಿನ ಮೇಲೆ ಕೈಯಿಂದ ಬಣ್ಣ ತುಂಬಿದ್ದಾರೆ ಎಂದು ತಿಳಿದುಕೊಂಡಿದ್ದೇನೆ.

ಒಂದು ತಪ್ಪು ನನ್ನಿಂದ ಆಯಿತು. ಬೆಳ್ಳಿಯ ಬಳೆಯನ್ನು ಕ್ಯಾಲ್ಸಿಯಂ ಕಾರ್ಬೊನೇಟಿನ ಪುಡಿಯಿಂದ ಒರೆಸುವಾಗ ಹತ್ತಿ ಜಾರಿ ಕೆಳಗಿನ ಚಿನ್ನದ ಗೆರೆಗೆ ತಗುಲಿತು. ನಾಲ್ಕೈದು ಸಲ ತಗುಲಿದ್ದಿರಬಹುದು, ಅಷ್ಟಕ್ಕೇ ಒಂದು ಅಕ್ಕಿಕಾಳಿನಷ್ಟು ಉದ್ದದ ಚಿನ್ನ ಹೋಗಿದೆ. ನೂರು ವರ್ಷ ಅಟ್ಟದಲ್ಲಿ ಉಳಿದದ್ದು ನನ್ನ ಕೈಯಲ್ಲಿ ಹೋಯಿತಲ್ಲ ಎಂದು ಆ ದಿನವೇ ಕೆಲಸ ನಿಲ್ಲಿಸಿದೆ. ಆ ಮೇಲೆ ಬಳೆಗೂ ಪಿಂಗಾಣಿಗೂ ನಡುವೆ ತೆಳುವಾದ ಪ್ಲಾಸ್ಟಿಕ್ ಪಟ್ಟಿ ಹಿಡಿದು ಮುಂದುವರಿಸಿದೆ. ಮುಂದೆ ಮಾಡುವವರು ಆ ಪಟ್ಟಿಯನ್ನು ಮೊದಲೇ ಹಿಡಿಯಲಿ.

ಹಳದಿ ಅಂಟು ಎರಡನೆಯ ದಿನ ಬಿಟ್ಟಿತು. ಚೂರನ್ನು ಹೊಸ ರಾಳದಿಂದ ಕೂರಿಸಿದ್ದೇನೆ, ಕೂಡುಗೆರೆ ಕಾಣುತ್ತದೆ, ಕಾಣಲಿ ಎಂದು ಬಿಟ್ಟಿದ್ದೇನೆ. ಚಿಕ್ಕ ಪೈಪಿನ ಬಾಯಿತುಂಡನ್ನು ಕಳಚಿ ಗಾಢ ಉಪ್ಪುನೀರಿಗೆ ಹಾಕಿದೆ, ಮುಳುಗಿತು. ಅಂಬರ್ ಆಗಿದ್ದರೆ ತೇಲಬೇಕಿತ್ತಂತೆ, ಬೇಕಲೈಟಿನಂಥ ಪ್ಲಾಸ್ಟಿಕ್ಕೇ ಇರಬೇಕು.

ದಮ್ಮಿನ ಸುದ್ದಿಯನ್ನು ಮಾವನವರಿಗೆ ಹೇಳುವುದೇ ಎಲ್ಲಕ್ಕಿಂತ ಕಷ್ಟದ ಕೆಲಸವಾಗಿತ್ತು. 1888ರ ಮುದ್ರೆಯನ್ನು ಮಸೂರದಲ್ಲಿ ತೋರಿಸಿದಾಗ ಅವರು ಬಹಳ ಹೊತ್ತು ನೋಡಿ, "ಹಾಗಾದರೆ ಮುಚ್ಚಳ ಆಮೇಲೆ ಹಾಕಿಸಿದ್ದು" ಎಂದು ತೀರ್ಪು ಕೊಟ್ಟರು. ಪೆಟ್ಟಿಗೆಯ ತಳದಲ್ಲಿ ಚೀಟಿ ಏನೂ ಇರಲಿಲ್ಲ.

ಉಳಿದಿರುವುದು ಕೀಲು. ಕಡ್ಡಿ ಹೊರಬಂದಿದೆ, ಮುಚ್ಚಳ ಬೇರೆಯಾಗಿದೆ. ಕುಲುಮೆಯವರೇ, ಹಬ್ಬಕ್ಕೆ ಮುನ್ನ ತಂದುಕೊಟ್ಟರೆ ಆಗುತ್ತದೆಯೇ?

ಕುಲುಮೆ (ವಿರಾಜಪೇಟೆ)

ಹಬ್ಬಕ್ಕೆ ಮುನ್ನ ಆಗುವುದಿಲ್ಲ ಸರ್, ನನ್ನ ಮೇಜಿನ ಮೇಲೆ ಹನ್ನೊಂದು ಪೀಚೆಕತ್ತಿಗಳು ಸಾಲಿನಲ್ಲಿವೆ. ಹಬ್ಬ ಮುಗಿದ ಮರುವಾರ ಬನ್ನಿ. ಮುಚ್ಚಳವನ್ನು ಮಾತ್ರ ತನ್ನಿ, ಬಟ್ಟಲನ್ನು ಮನೆಯಲ್ಲಿಯೇ ಬಿಟ್ಟು ಬನ್ನಿ; ಹಳೆಯ ಕಡ್ಡಿಯನ್ನೂ ಎಸೆಯದೆ ಕಾಗದದಲ್ಲಿ ಮಡಿಸಿ ತನ್ನಿ, ಹೊಸದರ ದಪ್ಪಕ್ಕೆ ನನಗೆ ಅದೇ ಅಳತೆ.